ಬಂಗಾರಪೇಟೆಗೆ, ತಂಗಿಯ ಮೇಲ್ಮನವಿಗೆ

ಕೆಜಿಎಫ್‌ನ ಕೋರಮಂಡಲ್ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹತ್ತಿದಾಗ ಮಂಜು ಇನ್ನೂ ಬಿಟ್ಟಿರಲಿಲ್ಲ. ಬಂಗಾರಪೇಟೆಗೆ ಟಿಕೆಟ್ ಹತ್ತು ರೂಪಾಯಿ. ಕೂತು ಬೆನ್ನು ಬೆಚ್ಚಗಾಗುವಷ್ಟರಲ್ಲಿ ಊರು ಬಂದುಬಿಡುತ್ತದೆ. ಇಷ್ಟು ಸಣ್ಣ ಪ್ರಯಾಣವನ್ನು ಬರೆಯಲು ಕೂತಿದ್ದಕ್ಕೆ ನನ್ನ ಹೆಂಡತಿ ಕಾಲೆಳೆದಳು. ನಾನು ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡುವವನು. ರಜೆ ಸಿಕ್ಕಾಗ ಮೈಸೂರು, ತಿರುಪತಿ, ಗೋವಾ ಎಲ್ಲ ಸುತ್ತಿ ಬಂದಿದ್ದೇನೆ. ಆ ಯಾವ ಊರೂ ನನ್ನನ್ನು ಹೀಗೆ ಕಂಗೆಡಿಸಿರಲಿಲ್ಲ.

ಹೊರಟದ್ದು ತಂಗಿ ರತ್ನಳ ಮೇಲ್ಮನವಿಗೆ. ಅವಳನ್ನು ಕೊಟ್ಟಿದ್ದು ಬೂದಿಕೋಟೆ ಪಕ್ಕದ ಹಳ್ಳಿಗೆ. ಗಂಡ ಲಾರಿ ಓಡಿಸುತ್ತಾ ಊರೂರು ತಿರುಗುವವನು, ಮನೆಯಲ್ಲಿರುವುದು ಅತ್ತೆ ಸೊಸೆ ಇಬ್ಬರೇ. ಕೆಲವು ವರ್ಷದ ಹಿಂದೆ ಟ್ರ್ಯಾಕ್ಟರಿನಿಂದ ಬಿದ್ದು ಅವಳ ಬೆನ್ನುಮೂಳೆಗೆ ಏಟಾಯಿತು, ಸೊಂಟದ ಕೆಳಗೆ ಬಲ ಹೋಯಿತು. ಅಂಗವೈಕಲ್ಯ ಶೇಕಡಾ ಎಂಬತ್ತು ಎಂದು ಕಾರ್ಡ್ ಕೊಟ್ಟಿದ್ದರು, ತಿಂಗಳು ತಿಂಗಳು ಮಾಸಾಶನ ಬರುತ್ತಿತ್ತು. ಆ ಕಾರ್ಡಿನ ಅವಧಿ ಮುಗಿದು, ಬಂಗಾರಪೇಟೆಯ ಒಂದು ಶಿಬಿರದಲ್ಲಿ ಮತ್ತೆ ತಪಾಸಣೆ ಮಾಡಿದರು. ಬಂದ ಹೊಸ ಕಾಗದದಲ್ಲಿ ಮೂವತ್ತೈದು ಎಂದಿತ್ತು. ನಲವತ್ತಕ್ಕಿಂತ ಕಡಿಮೆಯಾದರೆ ಮಾಸಾಶನವಿಲ್ಲ. ಅವಳ ಔಷಧಿ ನಡೆಯುತ್ತಿದ್ದದ್ದೇ ಅದರಲ್ಲಿ. ಕಾಲಿಗೆ ಬಲ ಬಂತೇ ಎಂದು ಫೋನ್ ಮಾಡಿ ಕೇಳಿದರೆ, ಇಲ್ಲ ಅಣ್ಣ, ಹಾಗೇ ಐತೆ ಎಂದಳು.

ಕೆದಕಿ ಕೇಳಿದ ಮೇಲೆ ವಿಷಯ ಹೊರಬಂತು. ಶಿಬಿರದ ಡಾಕ್ಟರು ಅವಳನ್ನು ಮಂಚದ ಮೇಲೆ ಮಲಗಿಸಲೇ ಇಲ್ಲವಂತೆ. ಕುರ್ಚಿಯಲ್ಲಿ ಕೂತಂತೆಯೇ, ಮನೆಯಲ್ಲಿ ಏನು ಕೆಲಸ ಮಾಡುತ್ತೀ ಎಂದು ಕೇಳಿದರಂತೆ. ಇವಳು, ಎಲ್ಲ ಮಾಡುತ್ತೇನೆ ಸಾರ್, ಎರಡು ಸೀಮೆಹಸು ಕರೆಯುತ್ತೇನೆ ಎಂದಳಂತೆ. ಪಕ್ಕದಲ್ಲಿ ಅತ್ತೆ ನಿಂತಿದ್ದರು. ನಮ್ಮ ಕಡೆ ಅತ್ತೆಯ ಎದುರಿಗೆ, ಅದೂ ಹೊರಗಿನವರ ಮುಂದೆ, ಕೈಲಾಗುವುದಿಲ್ಲ ಎಂದು ಯಾವ ಸೊಸೆಯೂ ಬಾಯಿಬಿಡುವುದಿಲ್ಲ. ಹಾಗೆಂದರೆ ಸೇರಿದ ಮನೆಯ ಮಾನ ತೆಗೆದಂತೆ. ಡಾಕ್ಟರು ಅದನ್ನೇ ಬರೆದುಕೊಂಡು ಕಳಿಸಿದ್ದರು. ಅದರ ಮೇಲೆ ನಾನು ಮೇಲ್ಮನವಿ ಹಾಕಿಸಿದ್ದೆ, ಈ ದಿನ ಮರುತಪಾಸಣೆಗೆ ಕರೆದಿದ್ದರು.

ಬಂಗಾರಪೇಟೆಯಲ್ಲಿ ಇಳಿದು ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದೆ. ಚಟ್ನಿ ನೀರಾಗಿತ್ತು, ಆದರೂ ಎರಡು ಸಲ ಹಾಕಿಸಿಕೊಂಡೆ. ಬಸ್‌ಸ್ಟ್ಯಾಂಡಿಗೆ ನಡೆದು ರತ್ನ ಮತ್ತು ಅವಳ ಅತ್ತೆ ಬರಲಿದ್ದ ಬೂದಿಕೋಟೆ ಬಸ್ಸಿಗೆ ಕಾಯುತ್ತಾ, ಅವಳಿಗೆ ಹೇಳಿಕೊಡಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಇದ್ದದ್ದು ಇದ್ದಂತೆ ಹೇಳು, ಹಸುವಿನ ಸುದ್ದಿ ಎತ್ತಬೇಡ, ಇಷ್ಟೇ. ಬಾಯಿಪಾಠ ಮಾಡಿಸಿದರೆ ಕೆಲಸವಾಗುತ್ತದೆ ಎಂದು ಧೈರ್ಯವಾಗಿದ್ದೆ.

ಬಸ್ಸು ಬಂತು. ಜನವೆಲ್ಲ ಇಳಿದ ಮೇಲೆ ಅತ್ತೆ ಮುನಿಯಮ್ಮ ಮೆಟ್ಟಿಲಿಗೆ ಬೆನ್ನು ಮಾಡಿ ನಿಂತರು. ಕಂಡಕ್ಟರು ರತ್ನಳ ತೋಳು ಹಿಡಿದು ಸರಿಸಿದ. ಅವಳು ಅತ್ತೆಯ ಕುತ್ತಿಗೆಗೆ ಕೈ ಸುತ್ತಿ ಬೆನ್ನಿಗೆ ಬಿದ್ದಳು. ಮುನಿಯಮ್ಮನಿಗೆ ಅರವತ್ತು ದಾಟಿದೆ, ಆಳು ಕಡ್ಡಿ. ನಾನು ಓಡಿಹೋಗುವಷ್ಟರಲ್ಲಿ ಅವರು ಸೊಸೆಯನ್ನು ಹೊತ್ತು ಕೆಳಗಿಳಿದು, ಸಿಮೆಂಟು ಕಟ್ಟೆಯ ಮೇಲೆ ಕೂರಿಸಿ, ಅವಳ ಸೀರೆಯ ನೆರಿಗೆಯನ್ನು ಸರಿಮಾಡಿಯೂ ಆಗಿತ್ತು. ಅವರ ಊರಿಗೆ ಹೋದಾಗಲೆಲ್ಲ ರತ್ನ ತಲೆ ಬಾಚಿ, ಹೂವು ಮುಡಿದು ಜಗಲಿಯ ಮೇಲೆ ಕೂತಿರುತ್ತಿದ್ದಳು. ಆ ಜಗಲಿಗೆ ಅವಳು ಹೇಗೆ ಬರುತ್ತಾಳೆ ಎಂದು ನಾನು ಯಾವತ್ತೂ ನೋಡಿರಲಿಲ್ಲ.

ಟೀ ಕುಡಿಯೋಣ ಎಂದೆ. ಬೇಡವೆಂದಳು. ಎಳನೀರು ತರಲೇ ಎಂದರೆ ಅದೂ ಬೇಡ. ಬಿಸಿಲೇರುತ್ತಿತ್ತು, ಅವಳ ತುಟಿ ಒಣಗಿತ್ತು. ನೀರಾದರೂ ಕುಡಿ ಎಂದು ಬಾಟಲಿ ಚಾಚಿದರೆ ಅತ್ತೆಯ ಮುಖ ನೋಡಿ ತಲೆಯಾಡಿಸಿದಳು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು. ಉಪವಾಸ ಮಾಡಿದರೆ ಪರ್ಸೆಂಟೇಜ್ ಜಾಸ್ತಿ ಕೊಡುವುದಿಲ್ಲ ಎಂದು ರೇಗಿದೆ. ಅವಳು ಸುಮ್ಮನೆ ನಕ್ಕಳು.

ಆಟೋದವನು ಅರವತ್ತು ರೂಪಾಯಿ ತೆಗೆದುಕೊಂಡು ಒಂದು ಕಟ್ಟಡದ ಮುಂದೆ ಬಿಟ್ಟ. ಕಟ್ಟಡದ ಹೆಸರು ಬೇಡ. ಮರುತಪಾಸಣೆಯ ಕೋಣೆ ಮೊದಲ ಮಹಡಿಯಲ್ಲಿತ್ತು. ನಾನು ಬೋರ್ಡನ್ನು ಮತ್ತೊಮ್ಮೆ ಓದಿದೆ. ಕಾಲಿಲ್ಲದವರ, ಕಣ್ಣಿಲ್ಲದವರ, ಬೆನ್ನು ಬಿದ್ದವರ ತಪಾಸಣೆ ಮಹಡಿಯ ಮೇಲೆ. ಲಿಫ್ಟು ಇರಲಿಲ್ಲ. ಡಾಕ್ಟರು ಕೆಳಗೆ ಬರಲಾರರೇ ಎಂದು ಬಾಗಿಲಲ್ಲಿದ್ದ ಅಟೆಂಡರನ್ನು ಕೇಳಿದರೆ, ಬೆಳಗ್ಗೆಯಿಂದ ಎಲ್ಲರೂ ಹತ್ತಿ ಹೋಗುತ್ತಿದ್ದಾರಲ್ಲ ಎಂದ. ಅವನ ಪಕ್ಕದಲ್ಲೇ ಒಬ್ಬ ಮುದುಕ ಮೆಟ್ಟಿಲ ಮೇಲೆ ಕೂತು, ಅಂಗೈ ಊರಿ ಊರಿ ಏರುತ್ತಿದ್ದ. ಈ ಸಲ ರತ್ನಳನ್ನು ನಾನೇ ಹೊತ್ತೆ. ಅವಳ ಕಾಲುಗಳು ನನ್ನ ಸೊಂಟಕ್ಕೆ ಬಡಿಯುತ್ತಿದ್ದವು. ಅವುಗಳಲ್ಲಿ ಏನೂ ಹಿಡಿತವಿರಲಿಲ್ಲ. ಮೇಲೆ ಹೋಗಿ ಉಸಿರು ಬಿಡುತ್ತಾ ನಿಂತಾಗ ಗುಮಾಸ್ತನೊಬ್ಬ ಹೆಸರು ಬರೆದುಕೊಂಡು, ಪರವಾಗಿಲ್ಲವೇ, ಮೇಲಕ್ಕೆ ಬಂದಿದ್ದೀರಲ್ಲ ಎಂದ. ಇದನ್ನೂ ಎಲ್ಲಿ ಬರೆದುಕೊಳ್ಳುತ್ತಾನೋ ಎಂದು ಹೆದರಿದೆ.

ಕಾಯುವ ಬೆಂಚಿನ ಮೇಲೆ ನನ್ನ ಪಾಠ ಶುರುವಾಯಿತು. ರತ್ನ ಎಲ್ಲದಕ್ಕೂ ಹೂಂ ಎಂದಳು. ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ಕರೆದರು. ಒಳಗಿದ್ದವರು ಕನ್ನಡಕ ಹಾಕಿದ್ದ ಹೆಂಗಸು ಡಾಕ್ಟರು. ದಣಿದಿದ್ದರು, ಆದರೆ ತಲೆಯೆತ್ತಿ ನೋಡಿ ಮಾತಾಡಿದರು. ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡುತ್ತೀಯಮ್ಮ, ನಿಧಾನವಾಗಿ ಹೇಳು ಎಂದರು.

ರತ್ನ ಅತ್ತೆಯತ್ತ ಒಮ್ಮೆ ನೋಡಿದಳು. ಸೆರಗು ಎಳೆದುಕೊಂಡಳು.

“ಎಲ್ಲಾ ಮಾಡ್ಕೊಂತೀನಿ ಮೇಡಂ. ಮನೇಲಿ ಏನೂ ತೊಂದ್ರೆ ಇಲ್ಲ.”

ರತ್ನ, ಏನು ಹೇಳುತ್ತಿದ್ದೀ ಎಂದು ಗದರಿದೆ. ಡಾಕ್ಟರು ನನಗೆ ಹೊರಗೆ ಹೋಗಲು ಕೈ ತೋರಿಸಿದರು. ಅಷ್ಟರಲ್ಲಿ, ಅಲ್ಲಿಯವರೆಗೆ ಗೋಡೆಗೊರಗಿ ನಿಂತಿದ್ದ ಮುನಿಯಮ್ಮ ಮೇಜಿನ ಹತ್ತಿರ ಬಂದರು.

“ಅವ್ಳು ನನ್ ಮುಂದೆ ಯೋಳಲ್ಲ ಕಣಮ್ಮ. ಅತ್ತೆ ಮನೆ ಮಾನ ಓಗ್ತದೆ ಅಂತ. ನಾನ್ ಯೋಳ್ತೀನಿ, ಬರ್ಕೋ. ಬೆಳಿಗ್ಗೆ ಎತ್ಕೊಂಡೋಗಿ ಕಕ್ಕಸ್‌ನಾಗೆ ಕೂರಿಸೋಳು ನಾನು. ತೊಳ್ಯೋಳೂ ನಾನೇ. ಉಚ್ಚೆ ಬಂದಿದ್ದು ಅವ್ಳಿಗೆ ಗೊತ್ತಾಗಲ್ಲ, ಬಟ್ಟೆ ಕಟ್ತೀನಿ. ಬಸ್ನಾಗೆ ಒದ್ದೆ ಆಗ್ತದೆ ಅಂತ ನಿನ್ನೆ ರಾತ್ರಿಯಿಂದ ಒಂದು ತೊಟ್ಟು ನೀರ್ ಕುಡಿದಿಲ್ಲ.”

ಡಾಕ್ಟರು ಪೆನ್ನು ಕೆಳಗಿಟ್ಟು ಹಸುವಿನ ವಿಷಯ ಕೇಳಿದರು. ಶಿಬಿರದವರು ಬರೆದದ್ದು ಅವರ ಮುಂದೆಯೇ ಇತ್ತು.

“ಕರೀತಾಳೆ, ಸುಳ್ಳಲ್ಲ. ಕೊಟ್ಟಿಗೆ ಕಂಬಕ್ಕೆ ಒರಗಿಸಿ ಕೂರಿಸಿ, ಪಕ್ಕಕ್ಕೆ ವಾಲಬಾರ್ದು ಅಂತ ನನ್ ಹಳೇ ಸೀರೇಲಿ ಸೊಂಟ ಕಟ್ತೀನಿ. ಆಮೇಲೆ ಹಸೂನ ಅವ್ಳತ್ರಕ್ಕೆ ಹೊಡ್ಕೊಂಡ್ ಬತ್ತೀನಿ. ಎರಡ್ ಸಲ ಎದೆಗೆ ಒದ್ದೈತೆ. ಬಿಡಿಸ್ಕೊಂಡು ಈಚೆಗೆ ಬರಾಕ್ ಆಗಲ್ವಲ್ಲ. ಬೇಡ ಅಂದ್ರೆ ಕೇಳಲ್ಲ, ಕೈ ಸುಮ್ನಿದ್ರೆ ಅಳ್ತಾ ಕುಂತಿರ್ತಾಳೆ.”

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ. ನನ್ನ ತಂಗಿಯನ್ನು ದಿನಕ್ಕೆ ಎರಡು ಹೊತ್ತು ಕಂಬಕ್ಕೆ ಕಟ್ಟುತ್ತಾರೆ. ಹಸು ಒದ್ದರೆ ಅವಳು ಅಲ್ಲಿಯೇ ಕೂತು ಒದೆಸಿಕೊಳ್ಳುತ್ತಾಳೆ. ತಿಂಗಳಿಗೊಮ್ಮೆಯಾದರೂ ಆ ಮನೆಗೆ ಹೋಗಿ, ಅವಳೇ ಕರೆದ ಹಾಲಿನ ಕಾಫಿ ಕುಡಿದು ಬರುತ್ತಿದ್ದವನಿಗೆ ಇದೊಂದೂ ಗೊತ್ತಿರಲಿಲ್ಲ. ಗೊತ್ತಿದ್ದ ಮುದುಕಿಯೂ, ಹೇಳಿದರೆ ಸೊಸೆ ಕುಗ್ಗಿಹೋದಾಳು ಎಂದು ಶಿಬಿರದಲ್ಲಿ ಬಾಯಿಮುಚ್ಚಿಕೊಂಡಿದ್ದರು. ರತ್ನ ತಲೆ ತಗ್ಗಿಸಿ ಕೂತಿದ್ದಳು. ಅವಳ ಕಿವಿಯವರೆಗೂ ಕೆಂಪೇರಿತ್ತು.

ಅವಳನ್ನು ಮಂಚದ ಮೇಲೆ ಮಲಗಿಸಿದರು. ಡಾಕ್ಟರು ಪಾದಕ್ಕೆ, ಮೀನಖಂಡಕ್ಕೆ, ತೊಡೆಗೆ ಸೂಜಿ ಮುಟ್ಟಿಸುತ್ತಾ ಬಂದರು. ಸೂಜಿ ಹೊಕ್ಕುಳ ಹತ್ತಿರ ಬಂದಾಗ ಮಾತ್ರ ಅವಳು ಹಾ ಎಂದಳು. ಅಷ್ಟಕ್ಕೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಇಷ್ಟನ್ನು ಶಿಬಿರದಲ್ಲೇ ಮಾಡಿದ್ದರೆ ನಾವು ಯಾರೂ ಇಲ್ಲಿ ನಿಲ್ಲಬೇಕಿರಲಿಲ್ಲ. ಡಾಕ್ಟರು ಬರೆದು, ಎಂಬತ್ತು ಎಂದರು. ಮಾಸಾಶನ ಮತ್ತೆ ಬರುತ್ತದೆ ಎಂದರು. ನಾನು ಕೈ ಮುಗಿದೆ.

ಎದ್ದು ಹೊರಡುವಾಗ ಅವರು ಇನ್ನೊಂದು ಮಾತು ಸೇರಿಸಿದರು. ಈ ಕಾರ್ಡು ಐದು ವರ್ಷಕ್ಕೆ ಮಾತ್ರ, ಆಮೇಲೆ ಮತ್ತೆ ಬಂದು ತೋರಿಸಬೇಕು. ಅಷ್ಟರಲ್ಲಿ ಬೆನ್ನು ಸರಿಹೋಗುವುದುಂಟೇ ಎಂದು ಕೇಳಿದೆ. ಇಲ್ಲ ಎಂದರು. ಹಾಗಾದರೆ ಯಾಕೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಕಂಪ್ಯೂಟರಿನಲ್ಲಿ ನನಗೆ ಅಷ್ಟೇ ಹಾಕಲು ಬರುತ್ತದೆ ಎಂದರು. ಹೊರಗೆ ಮುಂದಿನ ಹೆಸರು ಕೂಗುತ್ತಿದ್ದರು.

ಬಸ್‌ಸ್ಟ್ಯಾಂಡಿಗೆ ವಾಪಸು ಬಂದೆವು. ಪಾನಿಪೂರಿ ಗಾಡಿಗಳು ಆಗಲೇ ಬಂದು ನಿಂತಿದ್ದವು. ಬಂಗಾರಪೇಟೆಗೆ ಬಂದವರು ಅದನ್ನು ತಿನ್ನದೆ ಹೋಗುವುದಿಲ್ಲ, ನಾನು ತಿನ್ನದೆ ಹೋದೆ. ಗೆದ್ದಿದ್ದೆವು, ಆದರೂ ಯಾರೋ ಕೆನ್ನೆಗೆ ಬಾರಿಸಿದಂತೆ ಮುಖ ಉರಿಯುತ್ತಿತ್ತು. ಬೂದಿಕೋಟೆ ಬಸ್ಸಿಗೆ ರತ್ನಳನ್ನು ಹೊತ್ತು ಹತ್ತಿಸಿ ಕಿಟಕಿ ಪಕ್ಕ ಕೂರಿಸಿದೆ. ಕಂಡಕ್ಟರು ಅತ್ತೆ ಸೊಸೆ ಇಬ್ಬರಿಗೂ ಉಚಿತ ಟಿಕೆಟ್ ಹರಿದುಕೊಟ್ಟ. ನಾನು ಕೆಳಗಿಳಿದು ಕಿಟಕಿಯ ಹತ್ತಿರ ನಿಂತೆ. ಆಗ ರತ್ನ ಬಾಯಿಬಿಟ್ಟಳು, ನನ್ನೊಡನೆ ಅಲ್ಲ.

“ಇದ್ನೆಲ್ಲಾ ಮತ್ತೆ ಯೋಳ್ಬೇಕಾ ಅತ್ತೆ?”

ಮುನಿಯಮ್ಮ ಟಿಕೆಟ್ಟನ್ನು ಮಡಚಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು.

“ನಾನಿದ್ರೆ ನಾನೇ ಯೋಳ್ತೀನಿ. ಇಲ್ದಿದ್ರೆ ನೀನೇ ಯೋಳ್ಬೇಕಲ್ಲವ್ವ, ಈಗ್ಲೇ ಕಲ್ತ್ಕೋ. ಎಲ್ಲಿ, ಬೆಳಿಗ್ಗೆ ಎದ್ದು ಏನ್ ಮಾಡ್ತೀಯಾ, ಯೋಳು.”

ಬಸ್ಸು ಹೊರಟಿತು. ರತ್ನ ನನ್ನ ಕಡೆ ಕೈ ಬೀಸಲಿಲ್ಲ. ಎದುರು ಸೀಟಿನ ಕಂಬಿಯನ್ನು ಹಿಡಿದುಕೊಂಡು, ಅತ್ತೆಯ ಮುಖವನ್ನೇ ನೋಡುತ್ತಾ, ಒಂದೊಂದೇ ಮಾತು ಹೇಳಲು ಶುರುಮಾಡಿದ್ದಳು.