ಸಾರಕ್ಕಿಯ ವರನನ್ನು ವಿಚಾರಿಸಲು ಹೋದದ್ದು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಅನ್ನುವುದು ಸುಲಭ. ಆ ಸಾವಿರವನ್ನೂ ಮೊದಲೇ ಜರಡಿ ಹಿಡಿಯುವವನೊಬ್ಬ ಬೇಕಲ್ಲ? ನಮ್ಮ ಮನೆತನದಲ್ಲಿ ಆ ಕೆಲಸ ಯಾವಾಗಲೂ ನನ್ನದೇ. ಹುಬ್ಬಳ್ಳಿಯ ಜಕಾತಿ ನಾಕಾದಲ್ಲಿ, ಅಂದರೆ ಊರಿಗೆ ಬರುವ ಸರಕಿನ ಸುಂಕದ ಕಟ್ಟೆಯಲ್ಲಿ, ಕಾರಕೂನನಾಗಿ ತಲೆ ಹಣ್ಣು ಮಾಡಿಕೊಂಡವನು ನಾನು. ಹುಲ್ಲಿನ ಗಾಡಿ ಬಂದರೆ ಹುಲ್ಲಿನ ಕೆಳಗೆ ತುಪ್ಪದ ಡಬ್ಬಿ ಇದ್ದೇ ಇದೆ ಎಂದು ತಿಳಿದೇ ಕೈ ಹಾಕುತ್ತಿದ್ದೆ. ಬಹಳ ಸಲ ಇರುತ್ತಿತ್ತು.

ಈ ಸಲದ ಗಾಡಿ ಬೆಂಗಳೂರಿನದು. ನನ್ನ ಅಕ್ಕನ ಮಗಳು ಗಂಗಾ ಸರಕಾರಿ ಸಾಲೆಯ ಮಾಸ್ತರಿಣಿ. ತಂದೆಯಿಲ್ಲದ ಹುಡುಗಿ, ನನ್ನ ತೊಡೆಯ ಮೇಲೆ ಬೆಳೆದವಳು. ಟ್ರೇನಿಂಗಿಗೆಂದು ಬೆಂಗಳೂರಿಗೆ ಹೋದಾಗ ಮಹದೇವ ಎಂಬವನ ವಾರಪತ್ರಿಕೆಯನ್ನು ಓದಿದ್ದಾಳೆ. ಹಳೆ ಮೈಸೂರು ಬೇರೆ ದೇಶವಾಗಬೇಕು, ಅದಕ್ಕೆ ದಿಲ್ಲಿಯೂ ಬೇಡ, ಧಾರವಾಡವೂ ಬೇಡ ಎಂದು ಬರೆಯುವ ಮಹಾಶಯ ಅವನು. ಇವಳಿಗೆ ಸಿಟ್ಟು ಬಂದು ಅವನನ್ನು ಝಾಡಿಸಿ ಒಂದು ಉತ್ತರ ಬರೆದು ಕಳಿಸಿದಳಂತೆ. ಅವನು ಅದನ್ನು ಒಂದಕ್ಷರ ಕಡಿಮೆ ಮಾಡದೆ ಮೊದಲ ಪುಟದಲ್ಲೇ ಅಚ್ಚು ಹಾಕಿದನಂತೆ. ಜಗಳ ಅಲ್ಲಿಂದ ಶುರುವಾಗಿ ಮದುವೆಯ ಮಾತಿಗೆ ಬಂದು ನಿಂತಿತ್ತು.

ರಾಜ್ಯ ಒಂದಾಗಿ ಇನ್ನೂ ಆರೇಳು ವರ್ಷ. ಅದು ಒಂದಾಗಲಿ ಎಂದು ಬೀದಿಗಿಳಿದು ಲಾಠಿ ತಿಂದವನು ನಾನು. ನನ್ನ ಎಡಗೈ ಈಗಲೂ ಪೂರ್ತಿ ಮಡಚುವುದಿಲ್ಲ. ಅಂಥವನ ಸೋದರಸೊಸೆಗೆ ಇಂಥ ಗಂಡನೇ? ಮೇಲಾಗಿ, ದೇಶದಿಂದ ಬೇರೆಯಾಗಬೇಕು ಅನ್ನುವವರನ್ನು ಒಳಗೆ ಹಾಕುವ ಕಾಯಿದೆ ಬರುತ್ತದೆಂದು ಎಲ್ಲ ಕಡೆ ಗುಲ್ಲಿತ್ತು. ಪೊಲೀಸರ ಕಣ್ಣಿಗೆ ಬಿದ್ದವನ ಹೆಂಡತಿಯಾದರೆ ಗಂಗಾಳ ನೌಕರಿ ಉಳಿದೀತೆ? ನಾನು ಹಾರಾಡಿದೆ. ಅವಳು ಹಾರಾಡಲಿಲ್ಲ.

"ಮಾಮಾ, ನೀ ಹೋಗಿ ಬಾ. ನಾಲ್ಕು ಮಂದೀನ್ನ ಕೇಳು, ಅವನ್ನೂ ನೋಡು. ನೀ ಬ್ಯಾಡ ಅಂದ್ರ ನಾನೂ ಬ್ಯಾಡ ಅಂತೀನಿ," ಅಂದಳು.

ಹೀಗಂದರೆ ಮನುಷ್ಯ ಏನು ಮಾಡಬೇಕು? ಆಷಾಢದಲ್ಲಿ ಮದುವೆ ಮಾಡಬಾರದು, ವಿಚಾರಣೆಗೆ ಅಡ್ಡಿಯಿಲ್ಲ. ಅಕ್ಕ ಕಟ್ಟಿಕೊಟ್ಟ ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ಬೆಂಗಳೂರಿನ ರೈಲು ಹತ್ತಿದೆ. ಬೇಡ ಎನ್ನಲು ಒಂದು ಗಟ್ಟಿ ಕಾರಣ ತರುವುದೇ ನನ್ನ ಮನಸ್ಸಿನಲ್ಲಿತ್ತು.

ಮುಂಜಾನೆ ಇಳಿದಾಗ ಬೆಂಗಳೂರಿನಲ್ಲಿ ಜಿಟಿಜಿಟಿ ಮಳೆ, ಮೈ ನಡುಗಿಸುವ ಗಾಳಿ. ಚಿಕ್ಕಪೇಟೆಯ ಒಂದು ವಸತಿಗೃಹದಲ್ಲಿ ಗಂಟು ಇಳಿಸಿ, ಸ್ನಾನ ಮಾಡಿ, ಹೋಟೆಲಿನಲ್ಲಿ ಇಡ್ಲಿ ತಿಂದೆ. ಇಡ್ಲಿ ಮೆತ್ತಗಿತ್ತು, ಸಾಂಬಾರು ಸಿಹಿ. ಸಾಂಬಾರಿಗೆ ಬೆಲ್ಲ ಹಾಕುವ ಊರಿನವರ ಮಾತನ್ನು ನಂಬುವುದು ಹೇಗೆ ಎಂದು ಅಲ್ಲೇ ಅನ್ನಿಸಿತು. ಮಾರುಕಟ್ಟೆಯಿಂದ ಜಯನಗರದ ಬಸ್ಸಿಗೆ ಕೆಲವೇ ನಯಾಪೈಸೆ. ಬಸ್ಸು ಖಾಲಿ, ಜಯನಗರವೂ ಹೆಚ್ಚುಕಡಿಮೆ ಖಾಲಿ. ಅಗಲವಾದ ರಸ್ತೆ, ಗಿಡ ನೆಟ್ಟು ಸುತ್ತಿದ ಮುಳ್ಳು, ಅಲ್ಲೊಂದು ಇಲ್ಲೊಂದು ಹೊಸ ಮನೆ. ಉಳಿದದ್ದೆಲ್ಲ ಸೈಟಿನ ಕಲ್ಲು ನೆಟ್ಟ ಬಯಲು. ನಾಲ್ಕನೇ ಬ್ಲಾಕಿನ ಆಚೆ ಬಸ್ಸು ಕೂಡ ಹೋಗುವುದಿಲ್ಲ ಎಂದು ಕಂಡಕ್ಟರ್ ಇಳಿಸಿಬಿಟ್ಟ. ಅಲ್ಲಿಂದ ಸಾರಕ್ಕಿಗೆ ರಾಗಿ ಹೊಲಗಳ ನಡುವೆ ಕಾಲುದಾರಿ. ಕೆಂಪು ಮಣ್ಣು ಬೂಟಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಒಂದೊಂದು ಮಣವಾಯಿತು.

ವರನನ್ನು ವಿಚಾರಿಸುವುದಕ್ಕೆ ಒಂದು ರೀತಿಯಿದೆ. ಮದುವೆಯ ಮಾತೆಂದು ಯಾರೆದುರೂ ಬಾಯಿ ಬಿಡಬಾರದು, ನಾಳೆ ಕೂಡಿಬರದಿದ್ದರೆ ಹುಡುಗಿಯ ಹೆಸರು ಕೆಡುತ್ತದೆ. ಯಾರೋ ದಾರಿಹೋಕರಂತೆ ಗಿರಣಿಯಲ್ಲಿ, ಅಂಗಡಿಯಲ್ಲಿ ಕೂತು ಹೊರಗಿನಿಂದ ಒಳಕ್ಕೆ ಬರಬೇಕು. ನಾನು ಕೆರೆ ದಂಡೆಯ ಹಿಟ್ಟಿನ ಗಿರಣಿಯಲ್ಲಿ ಶುರು ಮಾಡಿದೆ. ರಾಗಿ ಬೀಸಿಸಲು ಬಂದ ಹೆಂಗಸೊಬ್ಬಳನ್ನು, ಇಲ್ಲಿ ಮಹದೇವ ಅಂತ ಪೇಪರಿನವರು ಇದ್ದಾರಂತಲ್ಲ, ಹೇಗೆ ಮನುಷ್ಯ, ಎಂದು ಕೇಳಿದೆ.

ಅವಳು ನನ್ನ ಟೋಪಿ ನೋಡಿದಳು, ಕೋಟು ನೋಡಿದಳು, ಬೂಟು ನೋಡಿದಳು. "ದ್ಯಾವ್ರಂಥ ಮನ್ಸ ಸಾಮಿ. ಉಂಡು ಬೇಗ್ನೆ ಮನಿಕ್ಕಂಬುಡ್ತಾರೆ. ಯಾರೂ ಬರಾಕಿಲ್ಲ, ಯಾರೂ ಓಗಾಕಿಲ್ಲ," ಅಂದಳು.

ಬೀಡಿ ಅಂಗಡಿಯವನನ್ನು ಕೇಳಿದೆ. "ದೇವ್ರಂಥ ಮನುಷ್ಯ ಸಾರ್. ಬೇಗ ಮಲಗ್ಬಿಡ್ತಾರೆ. ಯಾರೂ ಬರಲ್ಲ, ಯಾರೂ ಹೋಗಲ್ಲ."

ಗಡ್ಡ ಹೆರೆಸಲು ಕೂತಾಗ ಕ್ಷೌರದವನೂ ಅದನ್ನೇ ಹೇಳಿದ. ಅಯ್ಯಾ ಶಿವನೇ! ಇಡೀ ಊರು ಒಂದೇ ಪಾಠವನ್ನು ಬಾಯಿಪಾಠ ಮಾಡಿದಂತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ. ಮನುಷ್ಯ ನಿಜವಾಗಿ ಒಳ್ಳೆಯವನಾದರೆ ಒಬ್ಬನಾದರೂ ಬೈಯುತ್ತಾನೆ, ಇದು ನನ್ನ ಅನುಭವ. ಮನೆಯಲ್ಲಿ ಹೆಂಗಸರು ಯಾರಾದರೂ ಇದ್ದಾರೆಯೇ ಎಂದು ಕ್ಷೌರದವನನ್ನು ಕೇಳಿದಾಗ ಅವನ ಕತ್ತಿ ನನ್ನ ಕೆನ್ನೆಯ ಮೇಲೆ ನಿಂತೇ ಹೋಯಿತು. "ಇಲ್ಲ ಸಾರ್, ಯಾರೂ ಇಲ್ಲ," ಎಂದು ಅವಸರದಿಂದ ಹೇಳಿ ನೀರು ಚಿಮುಕಿಸಿದ.

ಮಹದೇವನ ಮನೆ ಊರ ಕೊನೆಯಲ್ಲಿ, ಮಂಗಳೂರು ಹೆಂಚಿನದು. ಮಳೆ ಬಿಟ್ಟಿತ್ತು. ಬೇಲಿಯ ಮೇಲಿನಿಂದ ಕತ್ತು ಚಾಚಿದೆ. ಹಿತ್ತಲ ಹಗ್ಗದ ಮೇಲೆ ಒಂದು ಸೀರೆ ಒಣಗುತ್ತಿತ್ತು!

ಸಿಕ್ಕಿತು ತುಪ್ಪದ ಡಬ್ಬಿ ಎಂದುಕೊಂಡೆ. ಖುಷಿಯಾಗಬೇಕಿತ್ತು. ಬೇಡ ಎನ್ನಲು ಇದಕ್ಕಿಂತ ಒಳ್ಳೆ ಕಾರಣ ಬೇಕೆ? ಆದರೆ ಗಂಗಾಳ ಮುಖ ಕಣ್ಣೆದುರು ಬಂತು. ಅರಳಿಕಟ್ಟೆಯ ಮೇಲೆ ಕೂತು ಆ ಮನೆಯ ಬಾಗಿಲನ್ನೇ ನೋಡತೊಡಗಿದೆ.

ಸ್ವಲ್ಪ ಹೊತ್ತಿಗೆ ಕೊಡೆ ಹಿಡಿದ ಒಬ್ಬ ಮಧ್ಯವಯಸ್ಕ ಬಂದು ಪಕ್ಕದಲ್ಲಿ ಕೂತ. ಅವನೂ ಆ ಬಾಗಿಲನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ, "ಹೆಡ್ಡಾಫೀಸಿಂದ ಬಂದ್ರಾ ಸಾರ್?" ಅಂದ.

ನಾನು ಟೋಪಿ ಸರಿಮಾಡಿಕೊಂಡೆ.

"ಬೆಳಗ್ಗೆಯಿಂದ ಊರೆಲ್ಲ ಗುಸುಗುಸು ಸಾರ್, ಹೊಸ ಮಫ್ತಿ ಪೊಲೀಸ್ ಬಂದವ್ನೆ ಅಂತ. ಗಿರಣೀಲಿ ಕೇಳಿದ್ರಂತೆ, ಕ್ಷೌರದಂಗಡೀಲಿ ಕೇಳಿದ್ರಂತೆ. ನನಗೆ ಒಂದು ಮಾತು ಹೇಳಿದ್ರೆ ಎಲ್ಲಾ ನಾನೇ ಹೇಳ್ತಿದ್ನಲ್ಲ. ಈ ಡ್ಯೂಟಿ ನಂದೇ. ಟೋಪಿ ನೋಡಿದ್ರೆ ಧಾರವಾಡದ ಕಡೆಯಿಂದ ವರ್ಗವಾಗಿ ಬಂದ್ರೇನೋ?"

ಆಗ ನನಗೆ ಅರ್ಥವಾಯಿತು. ಹೆಣ್ಣಿನ ಕಡೆಯವರು ಕೇಳುವುದೂ ಪೊಲೀಸರು ಕೇಳುವುದೂ ಒಂದೇ ಪ್ರಶ್ನೆ: ಯಾರು ಬರುತ್ತಾರೆ, ಎಷ್ಟೊತ್ತಿಗೆ ಮಲಗುತ್ತಾನೆ, ಮನೆಯಲ್ಲಿ ಯಾರಿದ್ದಾರೆ. ಇಬ್ಬರೂ ಏಕೆಂದು ಮಾತ್ರ ಹೇಳುವುದಿಲ್ಲ. ಇಡೀ ಊರು ನನ್ನನ್ನು ಪೊಲೀಸನೆಂದು ತಿಳಿದು ಬಾಯಿ ಮುಚ್ಚಿಕೊಂಡಿತ್ತು. ನಿಜವಾದ ಪೊಲೀಸು ಮಾತ್ರ ನನ್ನನ್ನು ತನ್ನ ಮೇಲಿನವನೆಂದು ತಿಳಿದು ಬಾಯಿ ಬಿಡಲು ತಯಾರಾಗಿ ಕೂತಿದ್ದ. ನಾನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. "ಹೇಳ್ರಿ," ಅಂದೆ.

ಅವನು ಗಿಣಿಯಂತೆ ಒಪ್ಪಿಸಿದ. ಹುಟ್ಟಿದ್ದು ನಂಜನಗೂಡಿನ ಕಡೆ, ತಂದೆ ಮೇಷ್ಟ್ರು, ಈಗಿಲ್ಲ. ಓದನ್ನು ಅರ್ಧಕ್ಕೆ ಬಿಟ್ಟು, ಸ್ವಾತಂತ್ರ್ಯದ ಹೊಸತರಲ್ಲಿ ಅರಮನೆಯ ವಿರುದ್ಧ ಕೂಗಿ ಪೆಟ್ಟು ತಿಂದ. ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದ. ರಾಜ್ಯ ಒಂದಾದ ಮೇಲೆ ಚೌಕದಲ್ಲಿ ಹೊಸ ರಾಜ್ಯದ ನಕ್ಷೆಯನ್ನು ಸುಟ್ಟು ಜೈಲಿಗೆ ಹೋದ. ಹೊರಗೆ ಬಂದು ಇನ್ನಷ್ಟು ಖಾರವಾಗಿ ಬರೆದು ಮತ್ತೆ ಹೋದ. ಪೇಟೆಯಲ್ಲಿ ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ, ಇಲ್ಲಿಗೆ ಬಂದ. ಬಡಾವಣೆಗೆ ಹೊಲ ಹೋಗುವ ರೈತರಿಗೆಲ್ಲ ಅರ್ಜಿ ಬರೆದುಕೊಡುತ್ತಾನೆ, ಅದಕ್ಕೇ ಊರು ಅವನ ಬೆನ್ನಿಗಿದೆ.

"ಕುಡಿತ, ಇಸ್ಪೀಟು?" ಅಂದೆ.

"ಬೀಡೀನೂ ಸೇದಲ್ಲ ಸಾರ್."

"ಹಂಗಾರ ಹಿತ್ತಲದಾಗಿನ ಸೀರಿ ಯಾರದು?"

"ಅವ್ರ ತಾಯೀದು. ಪಾರ್ಶ್ವವಾಯು ಬಡಿದು ಮಲಗಿಬಿಟ್ಟಿದಾರೆ. ನಮ್ಮೋರೇ ಯಾರೋ ಒಂದ್ಸಲ ಮನೆ ನುಗ್ಗಿ ಆ ಯಮ್ಮನ್ನ ಹೆದರಿಸಿಬಿಟ್ರು. ಅವತ್ತಿಂದ ಊರೋರು, ಆ ಮನೇಲಿ ಹೆಂಗಸರೇ ಇಲ್ಲ ಅಂತಾರೆ. ಸೀರೆ ಒಗಿಯೋದು ಆ ಮಹದೇವನೇ." ಅವನು ಕೊಡೆ ಮಡಚಿದ. "ಒಂದು ಮಾತು ಹೇಳ್ಲಾ ಸಾರ್? ನನಗೆ ಮದುವೆ ವಯಸ್ಸಿನ ಮಗಳಿದ್ದಿದ್ರೆ ಇಂಥೋನನ್ನೇ ಹುಡುಕ್ತಿದ್ದೆ. ಆದ್ರೆ ಇವನಿಗೆ ಮಾತ್ರ ಕೊಡ್ತಿರಲಿಲ್ಲ. ಇವತ್ತಲ್ಲ ನಾಳೆ ಒಳಗೆ ಹಾಕ್ತೀವಲ್ಲ."

ಎಂಥ ಮದುವೆಯ ದಲ್ಲಾಳಿಯೂ ಇಷ್ಟು ಸತ್ಯ ಹೇಳಲಾರ. ಆ ರಾತ್ರಿ ವಸತಿಗೃಹದಲ್ಲಿ ರೊಟ್ಟಿ ಮುರಿದು ತಿನ್ನುತ್ತ, ಗುಣ ಒಳ್ಳೆಯದು, ಗತಿ ಕೆಟ್ಟದ್ದು ಎಂದು ಲೆಕ್ಕ ಹಾಕಿದೆ. ಎಲ್ಲಿಯೂ ಕೂಡಲಿಲ್ಲ.

ಮರುದಿನ ಗಂಟು ಹಿಡಿದು ನೇರವಾಗಿ ಅವನ ಮನೆಯ ಬಾಗಿಲಿಗೇ ಹೋದೆ. ಎತ್ತರದ, ಬಡಕಲು ಆಸಾಮಿ. ಮಸಿ ಹತ್ತಿದ ಬೆರಳು. ನನ್ನನ್ನು ಕಂಡವನೇ ಬಾಗಿಲು ಪೂರ್ತಿ ತೆರೆದ.

"ಬನ್ನಿ ಸಾರ್. ಹುಡುಕೋದಿದ್ರೆ ಅಡುಗೆಮನೆಯಿಂದ ಶುರು ಮಾಡಿ. ಆ ಕೋಣೇಲಿ ಮಾತ್ರ ಮೆಲ್ಲಗೆ, ಅಮ್ಮ ಮಲಗಿದಾರೆ."

"ನಾ ಪೊಲೀಸ್ ಅಲ್ಲೋ ಮಾರಾಯಾ," ಎಂದೆ. "ನಾ ಗಂಗಾನ ಮಾಮಾ."

ಅವನು ನಂಬಲಿಲ್ಲ. "ಹಿಂದೆ ನಿಮ್ಮೋರೇ ಒಬ್ರು ನನ್ನ ಚಿಕ್ಕಪ್ಪ ಅಂತ ಹೇಳ್ಕೊಂಡು ಬಂದಿದ್ರು," ಅಂದ. ಸಿಟ್ಟು ನೆತ್ತಿಗೇರಿತು. ನಾನು ಅನುಮಾನಿಸಲು ಬಂದವನು, ನನ್ನನ್ನೇ ಅನುಮಾನಿಸುತ್ತಾನಲ್ಲ! ಗಂಟು ಬಿಚ್ಚಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಅವನ ಮುಂದೆ ಇಟ್ಟೆ. ಅವನು ಚಟ್ನಿಯನ್ನು ಬಾಯಿಗೆ ಹಾಕಿಕೊಂಡ, ಕಣ್ಣಲ್ಲಿ ನೀರು ಬಂತು. "ಇದು ಪೊಲೀಸಿನೋರ ಖಾರ ಅಲ್ಲ," ಎಂದು ನಕ್ಕು ಚಾಪೆ ಹಾಸಿದ.

ಒಳಗಿನಿಂದ ತೊದಲುವ ದನಿ ಬಂತು. "ಯಾರೋ ಅದು, ಪೊಲೀಸಾ? ಊಟ ಆಯ್ತಾ ಕೇಳೋ."

ಅವನು ಕಾಫಿ ಮಾಡಿಕೊಟ್ಟ. ನಾನು ಲೋಟ ಹಿಡಿಯುವಾಗ ಎಡಗೈ ಮಡಚದ್ದನ್ನು ನೋಡಿ, "ಲಾಠೀನಾ?" ಅಂದ.

"ಹೌದು. ನೀ ಸುಟ್ಟಿಯಲ್ಲಾ ನಕ್ಷೆ, ಅದಕ್ಕ ತಿಂದದ್ದು," ಎಂದೆ. "ನಮ್ಮ ನಾಡು ಬ್ಯಾಡ, ನಮ್ಮ ಹುಡುಗಿ ಮಾತ್ರ ಬೇಕೇನು?"

ಅವನು ತಲೆ ತಗ್ಗಿಸಲಿಲ್ಲ. "ಒಂದಾಗೋದು ನಿಮಗೆ ಬೇಕಿತ್ತು ಸಾರ್, ನೀವು ಕೇಳಿದ್ರಿ, ಏಟು ತಿಂದ್ರಿ. ನಮ್ಮನ್ನ ಯಾರು ಕೇಳಿದ್ರು? ಈ ಊರಿನೋರನ್ನ ನಿಮ್ಮ ಹೊಲ ಬಡಾವಣೆಗೆ ಸೇರಿಸ್ಲಾ ಅಂತ ಯಾರು ಕೇಳಿದ್ರು? ಕೇಳದೆ ಸೇರಿಸೋದು ಯಾವುದೂ ನನಗೆ ಒಪ್ಪಿಗೆ ಇಲ್ಲ."

"ಮತ್ತ ಗಂಗಾನ್ನ?"

"ಕೇಳಿದೆ. ಜೈಲಿನ ವಿಷಯ ಮೊದಲು ಹೇಳಿ ಆಮೇಲೆ ಕೇಳಿದೆ. ಅವಳು ನನ್ನ ವಾದ ಶುದ್ಧ ತಪ್ಪು ಅಂದ್ಲು, ಮದುವೆಗೆ ಹೂಂ ಅಂದ್ಲು."

ಅದು ಗಂಗಾಳ ಮಾತೇ, ಸಂಶಯವಿಲ್ಲ. ಆದರೂ ನಾನು ಕೊನೆಯ ಸಲ ಕೈ ಹಾಕಿ ನೋಡಿದೆ. "ಬರಿಯೂದು ಬಿಡು. ಇವತ್ತಽ ನಿಶ್ಚಯ ಮಾಡೂಣು."

"ಬಿಡಲ್ಲ ಸಾರ್."

"ಕಾಯಿದೆ ಬಂದ ಮ್ಯಾಲೆ?"

"ಒಳಗೆ ಹೋಗ್ತೀನಿ."

"ಆಕಿ ನೌಕರಿ ಹೋತಂದ್ರ?"

ಅಷ್ಟು ಹೊತ್ತು ಪಟಪಟ ಉತ್ತರ ಕೊಡುತ್ತಿದ್ದವನು ಬೆರಳಿನ ಮಸಿ ತಿಕ್ಕತೊಡಗಿದ. "ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಅದನ್ನ ನೆನೆದ್ರೆ ನಿದ್ದೆ ಬರಲ್ಲ," ಅಂದ.

ಎಲ್ಲದಕ್ಕೂ ಉತ್ತರ ಇಟ್ಟುಕೊಂಡವನ ಗಾಡಿಯನ್ನು ನಾನು ಎಂದೂ ಹಾಗೇ ಬಿಟ್ಟವನಲ್ಲ. ಇವನ ಗಾಡಿಯಲ್ಲಿ ಹುಲ್ಲಿನ ಕೆಳಗೂ ಹುಲ್ಲೇ ಇತ್ತು. ಅದೇ ನನಗೆ ಭಯ ತಂದಿತು. ಮುಚ್ಚಿಟ್ಟದ್ದು ಏನಾದರೂ ಸಿಕ್ಕಿದ್ದರೆ ಬೇಡ ಅಂದುಬಿಡಬಹುದಿತ್ತು. ಊರಿಗೆ ಹೋಗಿ ತಿಳಿಸುತ್ತೇನೆ ಎಂದಷ್ಟೇ ಹೇಳಿ, ಒಳಗೆ ಹೋಗಿ ಆ ತಾಯಿಗೆ ಕೈ ಮುಗಿದು ಹೊರಟೆ. ಅವನು ಜಯನಗರದ ಬಸ್ಸಿನವರೆಗೆ ಬಂದ.

ಸಂಜೆ ಸ್ಟೇಶನ್ನಿನಲ್ಲಿ ಹುಬ್ಬಳ್ಳಿ ಗಾಡಿ ನಿಂತಿತ್ತು. ಕಿಟಕಿಯ ಪಕ್ಕ ಕೂತು, ಗಂಗಾಳಿಗೆ ಏನು ಹೇಳಲಿ ಎಂದು ತಲೆ ಕೆರೆದುಕೊಳ್ಳುತ್ತಿದ್ದೆ. ಹೂಂ ಅಂದರೆ ಅವಳನ್ನು ಬಾವಿಗೆ ನೂಕಿದಂತೆ, ಉಹೂಂ ಅಂದರೆ ಸುಳ್ಳು ಹೇಳಿದಂತೆ. ಆಗ ಕಿಟಕಿಯ ಹೊರಗೆ ಆ ಕೊಡೆ ಕಾಣಿಸಿತು.

"ಆಫೀಸಲ್ಲಿ ಕೇಳಿದೆ. ನಿಮ್ಮಂಥ ಟೋಪಿಯೋರು ನಮ್ಮಲ್ಲಿ ಯಾರೂ ಇಲ್ವಂತೆ," ಅಂದ. ನಿನ್ನೆಯ ಸಾರ್ ಮಾಯವಾಗಿತ್ತು. "ಮಾತು ಕೇಳೇ ಹುಬ್ಬಳ್ಳಿ ಗಾಡಿಗೆ ಬರ್ತೀರ ಅಂದ್ಕೊಂಡೆ. ಅವನ ಮನೇಲಿ ಕಾಫಿ ಕುಡಿದ್ರಿ, ಅವನೇ ಬಸ್ಸಿಗೆ ಬಿಟ್ಟ. ಯಾರು ನೀವು? ಅವನಿಗೆ ಏನಾಗ್ಬೇಕು?"

ಏನೂ ಆಗಬೇಕಿಲ್ಲ ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಪಿಂಚಣಿಗೂ ಧಕ್ಕೆಯಿಲ್ಲ, ಗಂಗಾಳ ನೌಕರಿಗೂ ಧಕ್ಕೆಯಿಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ಈ ಮನುಷ್ಯನಿಗೆ ಹೇಳಿದ ಮೇಲೆ ಊರಲ್ಲಿ ಬೇರೆಯದನ್ನು ಹೇಳುವ ಮುಖ ನನಗಿರುತ್ತಿರಲಿಲ್ಲ. ಆ ಹುಡುಗ ನನಗೆ ಒಂದೂ ಸುಳ್ಳು ಹೇಳಿರಲಿಲ್ಲ.

"ಅವ ನನಗ ಅಳಿಯ ಆಗಬೇಕ್ರಿ," ಅಂದೆ. "ನಾ ಅವನ ಹೆಂಡತಿಯ ಸೋದರಮಾವ."

"ತಮಾಷೆ ಮಾಡ್ತೀರಾ? ಎರಡು ವರ್ಷದಿಂದ ನೋಡ್ತಿದೀನಿ, ಅವನಿಗೆ ಮದುವೆನೇ ಆಗಿಲ್ಲ."

"ಆಗತೈತಿ. ಶ್ರಾವಣದಾಗ, ಹುಬ್ಬಳ್ಯಾಗ. ನೀವೂ ಬರ್ರಿ."

ಗಾಡಿ ಹೊರಟಿತು. ಅವನು ಪ್ಲಾಟ್‌ಫಾರ್ಮಿನಲ್ಲಿ ಬಾಯಿ ತೆರೆದುಕೊಂಡೇ ನಿಂತಿದ್ದ. ಆ ಮನುಷ್ಯನನ್ನು ಕರೆದದ್ದು ತಪ್ಪೆಂದು ಅನ್ನಿಸಲಿಲ್ಲ. ಕರೆಯದಿದ್ದರೂ ಅವನು ಕಾವಲಿಗೆಂದು ಮದುವೆಗೆ ಬರುವವನೇ. ಕರೆದರೆ ಊಟವನ್ನಾದರೂ ಮಾಡಿ ಹೋದಾನು.