ತವರಿನ ಬಾಗಿಲಿಗೆ ಅಗಸೆ ಎಣ್ಣೆ

ಮೊದಲು ಮರ ನೆಲಕ್ಕೆ ಉಜ್ಜುವ ಕರ್ರೆನ್ನುವ ದನಿ, ಆಮೇಲೆ ಭುಜದಿಂದ ಒಂದು ಗುದ್ದು, ಕೊನೆಗೆ ಒಳಗಿನ ಚಿಲಕ ಟಕ್ ಎಂದು ಬೀಳುವುದು. ಮಳೆಗಾಲದಲ್ಲಿ ನಮ್ಮ ಮನೆಯ ಮುಂಜಾವು ಹೀಗೆ ಶುರುವಾಗುತ್ತಿತ್ತು. ನನಗೆ ಅಲಾರ್ಮ್ ಬೇಕಾಗುತ್ತಿರಲಿಲ್ಲ. ನೀರುಂಡು ಉಬ್ಬಿದ ಬಾತ್‌ರೂಮಿನ ಬಾಗಿಲನ್ನು ಒಳಗಿನಿಂದ ದೂಡಿ ಮುಚ್ಚಿಕೊಂಡು ವೈನಿ ಸ್ನಾನಕ್ಕೆ ನಿಂತರು ಎಂದು ಹಾಸಿಗೆಯಲ್ಲೇ ಗೊತ್ತಾಗುತ್ತಿತ್ತು. ಬರಬರುತ್ತ ಆ ದನಿಗಳ ಬೆನ್ನಿಗೆ ಕೆಮ್ಮೂ ಸೇರಿಕೊಂಡಿತು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಬೆಳಗಾವಿಯಲ್ಲಿ ಅತ್ತಿಗೆ ಎನ್ನುವುದು ಪಠ್ಯಪುಸ್ತಕದಲ್ಲಿ ಮಾತ್ರ. ಅಣ್ಣ ತೀರಿಕೊಂಡ ಮೇಲೆ ಅನಗೋಳದ ಓಣಿಯ ಆ ಮನೆಯಲ್ಲಿ ಉಳಿದವರು ನಾವಿಬ್ಬರೇ, ಮಕ್ಕಳಾಗದ ಅವರು ಮತ್ತು ಮದುವೆಯಾಗದ ನಾನು. ನಾನು ಕಾನ್ವೆಂಟಿನಲ್ಲಿ ಕಲಿತು, ಇಂಗ್ಲಿಷ್ ಮೀಡಿಯಂ ಶಾಲೆಯಲ್ಲೇ ಕಲಿಸಿ ರಿಟೈರ್ ಆದವಳು. ವೈನಿ ಖಾನಾಪುರದವರು. ಅರ್ಧ ಮಾತು ಕನ್ನಡ, ಅರ್ಧ ಮರಾಠಿ, ಸಿಟ್ಟು ಬಂದರೆ ಪೂರ್ತಿ ಮರಾಠಿ. ನನ್ನ ಸಾರಿ, ಥ್ಯಾಂಕ್ಯೂ, ಎಕ್ಸ್‌ಕ್ಯೂಸ್ ಮಿಗಳನ್ನು ಕೊನೆಯವರೆಗೂ ಅಣಕಿಸಿದರು. ಕರೆಯುತ್ತಿದ್ದುದೇ "ಬಾಯಾರ" ಎಂದು, ನಮ್ಮ ಕಡೆ ಶಾಲೆಯ ಮಕ್ಕಳು ಟೀಚರನ್ನು ಕರೆಯುವ ಹಾಗೆ.

ಆ ಬಾಗಿಲು ಅವರ ತವರಿನದು. ಖಾನಾಪುರದ ಹಳೆಯ ಮನೆಯನ್ನು ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಲು ಹೊರಟಾಗ ಅವರ ಅಣ್ಣನ ಮಗ ಫೋನ್ ಮಾಡಿ, ಹಳೆಯ ಸಾಮಾನಿನಲ್ಲಿ ಏನಾದರೂ ಬೇಕೇನು ಎಂದು ಕೇಳಿದ್ದ. ಅವರ ಅಕ್ಕ ಆಗಲೇ ತಾಮ್ರದ ಹಂಡೆ ಹೇಳಿಬಿಟ್ಟಿದ್ದರು, ತಂಗಿ ಬೀಸುವ ಕಲ್ಲು. ವೈನಿ ಬಚ್ಚಲಮನೆಯ ಬಾಗಿಲು ಬೇಕೆಂದರು. ಅವನು ನಕ್ಕನಂತೆ. ಈ ಕಡೆ ನಾನೂ ನಕ್ಕೆ. ಟೆಂಪೋದಲ್ಲಿ ಬಂದಿಳಿದದ್ದು ದಪ್ಪ ಸಾಗವಾನಿಯ ಬಾಗಿಲು, ವರ್ಷಗಟ್ಟಲೆ ಹೊಗೆ ಕುಡಿದು ಕರ್ರಗೆ ಮಿರುಗುತ್ತಿತ್ತು. ಅಣ್ಣ ಆಗ ಇದ್ದ. ಉದ್ಯಮಬಾಗದ ಕಾರ್ಖಾನೆಯಿಂದ ಸಂಜೆ ಬಂದವನು ಬೂಟು ಬಿಚ್ಚುವ ಮೊದಲೇ ಟೇಪು ಹಿಡಿದು ಅಳೆದು, ನಮ್ಮ ಬಾತ್‌ರೂಮಿಗೆ ಹೇಳಿ ಮಾಡಿಸಿದ ಹಾಗಿದೆ ಎಂದ. ಇದ್ದ ಪ್ಲೈವುಡ್ಡಿನ ಬಾಗಿಲು ಹೇಗೂ ಪದರ ಪದರ ಎದ್ದು ಹೋಗಿತ್ತು.

ಅದೇ ಯಾಕೆ ಬೇಕಾಗಿತ್ತು ಎಂಬುದನ್ನು ವೈನಿ ಒಂದೇ ಸಲ ಹೇಳಿದರು, ಅಣ್ಣ ತೀರಿಕೊಂಡ ವರ್ಷ, ಒಂದು ಮಧ್ಯಾಹ್ನ ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ.

"ಅಷ್ಟ ಮಂದಿ ಇದ್ದ ಮನ್ಯಾಗ ನಮ್ಮವ್ವಗ ಒಳಗ ಚಿಲಕಾ ಹಾಕ್ಕೊಳ್ಳಾಕ ಇದ್ದ ಬಾಗಲಾ ಅದೊಂದ. ಅಳೂದಿದ್ರ ಅಲ್ಲೇ ಹೋಗಿ ಅಳ್ತಿದ್ಲು. ನೀರ ಸುರುವಿಕೋತ ಅಳ್ತಿದ್ಲು, ಹೊರಗ ಯಾರಿಗೂ ಕೇಳಬಾರದಂತ."

ಅಣ್ಣ ಹೋದಾಗಿನಿಂದ ನಮ್ಮ ಬಾತ್‌ರೂಮಿನಲ್ಲೂ ನೀರು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಸುರಿಯುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು.

ತವರಿನಲ್ಲಿ ಅವರ ತಾಯಿ ಅಮಾವಾಸ್ಯೆಗೊಮ್ಮೆ ಆ ಬಾಗಿಲಿಗೆ ಅಗಸೆ ಎಣ್ಣೆ ತಿಕ್ಕುತ್ತಿದ್ದರಂತೆ. ವೈನಿಯೂ ಅದನ್ನೇ ಇಲ್ಲಿ ನಡೆಸಿದರು. ಖಾಸಬಾಗದ ಅಂಗಡಿಯಿಂದ ಗಾಣದ ಎಣ್ಣೆಯ ಸೀಸೆ ತರುವುದು, ಅಣ್ಣನ ಹಳೆಯ ಧೋತರದ ತುಂಡನ್ನು ಅದರಲ್ಲಿ ಅದ್ದುವುದು, ಮಣೆ ಹಾಕಿಕೊಂಡು ಕೂತು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ತಿಕ್ಕುವುದು. ನೀರು ಸಿಡಿಯುವ ಕೆಳಭಾಗಕ್ಕೆ ಒಂದು ಕೈ ಹೆಚ್ಚೇ. ಹಸುಗೂಸಿಗೆ ಎಣ್ಣೆ ಹಚ್ಚುವವರ ಮುಖದಲ್ಲಿ ಇರುತ್ತದಲ್ಲ, ಆ ಕಳೆ ಇರುತ್ತಿತ್ತು ಅವರ ಮುಖದಲ್ಲಿ. ನಾನು ನೋಡಿಯೂ ನೋಡದವಳ ಹಾಗೆ ಪೇಪರ್ ಓದುತ್ತಿದ್ದೆ.

ಖಾನಾಪುರದಲ್ಲಿ ಬಾಗಿಲ ಮಗ್ಗುಲಲ್ಲೇ ಹಂಡೆಯ ಒಲೆ ಇತ್ತು. ದಿನ ಬೆಳಗಾದರೆ ಕಟ್ಟಿಗೆಯ ಬೆಂಕಿ, ಹೊಗೆ, ಶಾಖ. ಎಷ್ಟೇ ಮಳೆ ಹೊಡೆಯಲಿ, ಆ ಮರ ಒಣಗಿಯೇ ಇರುತ್ತಿತ್ತು. ನಮ್ಮಲ್ಲಿ ಗೀಜರ್. ಕಿಟಕಿ ಎಂದರೆ ಅಂಗೈಯಗಲದ ವೆಂಟಿಲೇಟರ್. ಈ ಫರಕು ಆಗ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮೊದಲು ಕೆಳಗಿನ ಮೂಲೆಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು ಕಂಡವು. ಮುಂದಿನ ಮಳೆಗಾಲಕ್ಕೆ ಅದರ ಮೇಲೆ ಬೂದಿಬಣ್ಣದ ನವಿರು ಎದ್ದಿತು. ಮುಟ್ಟಿದರೆ ಬೆರಳಿಗೆ ತಣ್ಣಗೆ ಜಿಗುಟು ಹತ್ತುತ್ತಿತ್ತು. ನಾನು ಫಂಗಸ್ ಎಂದೆ, ಅವರು ಮರಾಠಿಯಲ್ಲಿ ಬುರಶಿ ಎಂದರು, ಬ್ರಷ್ ಹಿಡಿದು ಇಬ್ಬರೂ ಕೂತೆವು. ವಿನೆಗರ್ ಹಚ್ಚಿದೆವು, ಸೋಡಾ ಹಚ್ಚಿದೆವು, ಬ್ಲೀಚಿಂಗ್ ಪೌಡರ್ ಕಲಸಿ ಬಳಿದು ಕಣ್ಣು ಉರಿಸಿಕೊಂಡೆವು. ನನ್ನ ಕಾನ್ವೆಂಟ್ ಹಾಸ್ಟೆಲಿನಲ್ಲಿ ಒಬ್ಬ ಸಿಸ್ಟರ್ ಶನಿವಾರ ಬಂದು ಬಾತ್‌ರೂಮಿನ ಬಾಗಿಲುಗಳ ಮೇಲೆ ಬಿಳಿ ಕರ್ಚೀಫ್ ಸವರಿ ಇನ್ಸ್‌ಪೆಕ್ಷನ್ ಮಾಡುತ್ತಿದ್ದರು, ಕರ್ಚೀಫ್ ಕೊಳೆಯಾದರೆ ನಮಗೆ ಪುಡಿಂಗ್ ಇಲ್ಲ. ಆ ಕಥೆ ಕೇಳಿ ವೈನಿ, ಅವರನ್ನೇ ಕರೆಸು, ಇದನ್ನೂ ಒರೆಸಿ ಹೋಗಲಿ, ಪುಡಿಂಗ್ ನಾನು ಮಾಡಿ ಹಾಕುತ್ತೇನೆ ಎಂದರು.

ಉಜ್ಜಿದ ಮೇಲೆ ಎರಡು ದಿನ ಚಂದ ಕಾಣುತ್ತಿತ್ತು. ಆದರೆ ಮರ ಪೂರ್ತಿ ಆರುವ ಮೊದಲೇ ವೈನಿ ಎಣ್ಣೆಯ ಅರಿವೆ ಹಿಡಿದು ಕೂತಿರುತ್ತಿದ್ದರು. ಉಜ್ಜಿ ಉಜ್ಜಿ ಅದಕ್ಕೆ ನೋವಾಗಿದೆ ಎನ್ನುತ್ತಿದ್ದರು. ಹತ್ತೇ ದಿನದಲ್ಲಿ ಚುಕ್ಕೆಗಳು ವಾಪಸ್.

ಅಷ್ಟರಲ್ಲಿ ಕೆಮ್ಮು ಎದೆಗೆ ಇಳಿದಿತ್ತು. ಡಾಕ್ಟರು ಎಕ್ಸ್‌ರೇ ನೋಡಿ, ಮನೆಯಲ್ಲಿ ಎಲ್ಲಾದರೂ ಡ್ಯಾಂಪ್ ಇದೆಯೇ ಎಂದು ಕೇಳಿದರು. ನಾನು ಬಾಗಿಲಿನ ವಿಷಯ ಹೇಳಿದೆ. ಇವರ ಲಂಗ್ಸ್ ಈಗಾಗಲೇ ವೀಕ್ ಇವೆ, ಬೂಷ್ಟಿನ ಗಾಳಿ ಒಳಗೆ ಹೋಗಲೇಬಾರದು, ಮೊದಲು ಅದನ್ನು ತೆಗೆಸಿ ಎಂದರು. ವೈನಿ ಕುರ್ಚಿಯ ಮೇಲೆ ಕೂತು ಸೆರಗಿನ ಅಂಚು ಮಡಚುತ್ತಿದ್ದರು. ಡಾಕ್ಟರು ಬೇರೆ ಯಾರದೋ ಮನೆಯ ಬಗ್ಗೆ ಮಾತಾಡುತ್ತಿದ್ದಾರೆ ಎನ್ನುವ ಹಾಗೆ.

ಮನೆಗೆ ಬಂದು ನಾನು ಆ ಮಾತೆತ್ತಿದೆ.

"ಬಾಗಲಾ ತಗದು ಪಡದಾ ಕಟ್ಟಿ ಝಳಕಾ ಮಾಡಸ್ತಿ ಏನ ನನಗ, ಬಾಯಾರ?" ಎಂದರು. ನಗಿಸಿದರು, ಮಾತು ಅಲ್ಲಿಗೇ ಮುಗಿಯಿತು.

ಆ ವಾರವೇ ನಾನು ಫೋನಿನಲ್ಲಿ ಹುಡುಕಿ ಹುಡುಕಿ ಓದಿದೆ. ಒಂದು ಕಡೆ ಸ್ಪಷ್ಟವಾಗಿ ಬರೆದಿತ್ತು: ಗಾಳಿಯಾಡದ ಒದ್ದೆ ಜಾಗದಲ್ಲಿ ಹಸಿ ಅಗಸೆ ಎಣ್ಣೆ ಬೂಷ್ಟಿಗೆ ಆಹಾರ. ಎದ್ದು ಹೋಗಿ ಲೈಟ್ ಹಾಕಿ ನೋಡಿದೆ. ಎಣ್ಣೆಯ ಕೈ ಎಲ್ಲಿ ಹೆಚ್ಚು ಬಿದ್ದಿತ್ತೋ ಅಲ್ಲೇ ಎಲ್ಲಕ್ಕಿಂತ ಕಪ್ಪಗಿತ್ತು. ತಾಯಿಯ ನೆನಪಿಗೆ ತಿಕ್ಕಿದ್ದನ್ನು ಅದು ಉಂಡು ಬೆಳೆದು, ಇವರ ಎದೆಯೊಳಗೆ ಹೋಗಿ ಕೂತಿತ್ತು. ಅದನ್ನು ಆ ಹೆಂಗಸಿಗೆ ಯಾವ ಬಾಯಿಂದ ಹೇಳುವುದು? ಈ ವರ್ಷ ಮಳೆ ಜಾಸ್ತಿ ವೈನಿ, ಅದಕ್ಕೇ ಹೀಗೆ ಎಂದೆ. ಎಣ್ಣೆಯ ಸೀಸೆಯನ್ನು ಮಾತ್ರ ಅಟ್ಟದ ಮೇಲೆ, ಹಳೆಯ ಕುಕ್ಕರಿನ ಹಿಂದೆ ಇಟ್ಟೆ. ಮುಂದಿನ ಅಮಾವಾಸ್ಯೆ ಬಂತು, ಹೋಯಿತು. ಸೀಸೆ ಎಲ್ಲಿ ಎಂದು ವೈನಿ ಕೇಳಲೇ ಇಲ್ಲ.

ಶ್ರಾವಣದ ಒಂದು ಮುಂಜಾನೆ ವೈನಿಯ ಸ್ನಾನ ಮುಗಿದು ಚಿಲಕ ಸರಿದ ದನಿ ಕೇಳಿತು. ಅದರ ಹಿಂದೆ ಬರಬೇಕಾದ ಕರ್ರೆನ್ನುವುದು ಬರಲಿಲ್ಲ. ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಒಳಗಿನಿಂದ ಅವರು ಎಳೆಯುತ್ತಿದ್ದರು, ಹೊರಗಿನಿಂದ ನಾನು ದೂಡುತ್ತಿದ್ದೆ, ನನ್ನ ಮೊಣಕಾಲಿಗೆ ಎಲ್ಲಿಯ ಶಕ್ತಿ. ಕೆಮ್ಮು ಶುರುವಾಯಿತು. ನಿಲ್ಲಲೇ ಇಲ್ಲ. ಬಾಜೂ ಮನೆಯ ಗಂಡಸರಿಬ್ಬರು ಓಡಿ ಬಂದರು. ಗೋಡೆಗೆ ಸರಿದು ನಿಲ್ಲಿ ಎಂದು ಕೂಗಿ ಹೇಳಿ ಹೆಗಲು ಕೊಡುತ್ತಿದ್ದರು. ಆಗ ಒಳಗೆ ನಲ್ಲಿ ಬಿಟ್ಟ ದನಿ ಕೇಳಿಸಿತು. ನೀರು ಜೋರಾಗಿ ಬಕೆಟ್ಟಿಗೆ ಬೀಳುತ್ತಿತ್ತು. ಪಾಪ, ಇಂಥ ಹೊತ್ತಿನಲ್ಲಿ ನೀರು ಯಾಕೆ ಎಂದು ಅವರಲ್ಲೊಬ್ಬರು ಕೇಳಿದರು. ನಾನು ಮುಖ ಆ ಕಡೆ ಮಾಡಿದೆ.

ಬಾಗಿಲು ತೆರೆದಾಗ ವೈನಿ ಒದ್ದೆ ಸೀರೆ ಸುತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದರು. ಗಂಡಸರು ಹೋಗುವವರೆಗೂ ಕಾದರು. ಆಮೇಲೆ ನನ್ನ ತೋಳು ಹಿಡಿದುಕೊಂಡು, ಬಾಗಿಲನ್ನು ನೋಡದೆ, "ತಗಸ್ಬಿಡ ಇದನ್ನ" ಎಂದರು.

ಮರುದಿನ ಬಡಿಗ ಬಂದು ಕಳಚಿದ. ಕೆಳಗಿನ ಅರ್ಧ ಚಹಾದಲ್ಲಿ ಅದ್ದಿದ ಬಿಸ್ಕೀಟಿನ ಹಾಗೆ ಕೈಯಲ್ಲೇ ಉದುರಿತು. ಮೇಲಿನ ಅರ್ಧ ಗಟ್ಟಿ ಇತ್ತು. ಅದನ್ನು ಕೊಯ್ದು ಒಣಗಿಸಿ ಒಂದು ಮಣೆ ಮಾಡಿಕೊಡು ಎಂದೆ. ಬಾತ್‌ರೂಮಿಗೆ ಫೈಬರ್ ಬಾಗಿಲು ಬಂತು. ವೈನಿ ಮಾತ್ರ ಆ ಹೊಸ ಬಾಗಿಲನ್ನು ಹೆಚ್ಚು ದಿನ ಬಳಸಲಿಲ್ಲ. ಆಸ್ಪತ್ರೆಗೆ ಸೇರಿದರು, ಬಿಟ್ಟು ಬಂದ ಮೇಲೆ ಅವರನ್ನು ಎಬ್ಬಿಸಿ ಕೂರಿಸಲು ನನ್ನಿಂದ ಆಗಲಿಲ್ಲ. ಅವರ ಅಣ್ಣನ ಮಗ ಕಾರು ತಂದು ಖಾನಾಪುರಕ್ಕೆ ಕರೆದುಕೊಂಡು ಹೋದ.

ದೀಪಾವಳಿ ಕಳೆದು ಬಿಸಿಲು ಬಿದ್ದ ಮೇಲೆ, ಮಣೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ನಾನು ಟ್ರೇನಿನಲ್ಲಿ ಹೋದೆ. ವೈನಿ ಹೊಸ ಮನೆಯ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಎಷ್ಟು ಸಣ್ಣಗಾಗಿದ್ದರು ಎಂದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಮಣೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಗುಚಿ ನೋಡಿದರು, ಮೂಗಿನ ಹತ್ತಿರ ಹಿಡಿದು ಮೂಸಿದರು. ವಾಸನೆ ಹೋಗಿದೆ ಎಂದರು. ಅದು ಒಳ್ಳೆಯದೆಂದು ಹೇಳಿದರೋ, ಬೇಸರದಿಂದ ಹೇಳಿದರೋ ನನಗೆ ತಿಳಿಯಲಿಲ್ಲ.

ಹಾಗೇ ಬೋಳಾಗಿ ಕಾಣುತ್ತದೆ, ಮುಂದಿನ ಸಲ ಬರುವಾಗ ಪಾಲಿಶ್ ತರುತ್ತೇನೆ ಎಂದೆ.

"ಏನೂ ಹಚ್ಚಬ್ಯಾಡ ಅದಕ್ಕ," ಎಂದರು. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. "ನೀ ಸೀಸೆ ಅಟ್ಟದ ಮ್ಯಾಲ ಇಟ್ಟ ದಿನಾನ ನನಗ ತಿಳೀತು."

ನಾನು ಸಾರಿ ವೈನಿ ಎಂದೆ. ಇಂಗ್ಲಿಷೇ ಬಂತು ಬಾಯಿಗೆ. ಈ ಸಲ ಅವರು ಅಣಕಿಸಲಿಲ್ಲ.

"ನಮ್ಮವ್ವ ಮಾಡಿದ್ದನ್ನ ನಾ ಮಾಡಿದೆ. ಇನ್ನ ಏನ ಮಾಡಬೇಕಿತ್ತು ನಾ?"

ಆ ಮನೆಯ ಸೊಸೆ, ಅವರ ಅಣ್ಣನ ಮಗನ ಹೆಂಡತಿ, ಚಹಾ ತಂದಳು. ನದಿಯ ನೀರು ಇಳಿದದ್ದು, ನಮ್ಮ ಓಣಿಯ ರಸ್ತೆ ಅಗೆದದ್ದು, ಇಂಥವೇ ಮಾತು ಆಡಿದೆವು. ಮಣೆಯ ಮೇಲೆ ಕೂರಿಸು ಎಂದರು, ಸೊಸೆಯೂ ನಾನೂ ಹಿಡಿದು ಗೋಡೆಗೆ ಒರಗಿಸಿ ಕೂರಿಸಿದೆವು. ಟ್ರೇನಿನ ಹೊತ್ತಾಗಿತ್ತು. ಹೋಗಿ ಬರುತ್ತೇನೆ ಎಂದೆ. ಗೇಟಿನವರೆಗೆ ಬಂದು ಕಳಿಸುವ ರೂಢಿ ಅವರದು. ಅಂದು ಕೂತಲ್ಲಿಂದಲೇ ತಲೆ ಅಲ್ಲಾಡಿಸಿದರು.

ಗೇಟಿನ ಹತ್ತಿರ ಹೋಗಿ ತಿರುಗಿ ನೋಡಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಬಿಸಿಲಿನಲ್ಲಿ ಕೂತು, ತೊಡೆಯ ಪಕ್ಕ ಕಾಣುತ್ತಿದ್ದ ಮಣೆಯ ಅಂಚನ್ನು ಒಣ ಸೆರಗಿನಿಂದ, ಎಣ್ಣೆ ತಿಕ್ಕುವಾಗಿನ ಅದೇ ನಿಧಾನದಲ್ಲಿ ಒರೆಸುತ್ತಿದ್ದರು. ನಾನು ವೈನಿಯನ್ನು ಕೊನೆಯದಾಗಿ ನೋಡಿದ್ದು ಹಾಗೆ.