ಜೆರೋಮ್ ಅಂಕಲ್ ಕೋವಿಯನ್ನು ರಿಪೇರಿಗೆ ಕೊಟ್ಟದ್ದು

ತೊಕ್ಕೊಟ್ಟಿನ ನಮ್ಮ ಚಿನ್ನದಂಗಡಿಗೆ ಜೆರೋಮ್ ಅಂಕಲ್ ಗನ್‌ಮ್ಯಾನ್ ಆಗಿದ್ದರು. ಮಿಲಿಟರಿಯಿಂದ ನಿವೃತ್ತರಾಗಿ ಶಕ್ತಿನಗರದಲ್ಲಿ ಮನೆ ಮಾಡಿದವರು. ಕೋವಿ ಅವರದೇ, ಲೈಸೆನ್ಸೂ ಅವರದೇ. ಈ ಕೆಲಸ ಸಿಗುವುದೇ ಹಾಗೆ. ಸ್ವಂತ ಕೋವಿ ಇದ್ದವನು ಗನ್‌ಮ್ಯಾನ್, ಇಲ್ಲದವನು ಬರೀ ವಾಚ್‌ಮನ್. ಸಂಬಳ ಕೋವಿಗೆ, ಮನುಷ್ಯ ಅದರ ಜೊತೆಗೆ ಪುಕ್ಕಟೆ.

ಒಂದು ದಿನ ಮನೆಯಲ್ಲಿ ಕೋವಿ ಬಿಚ್ಚಿ ಎಣ್ಣೆ ಹಾಕುವಾಗ ಒಳಗಿನ ತಗಡೊಂದು ಅಲ್ಲಾಡುವುದು ಅವರಿಗೆ ಕಂಡಿತು. ಅದು ಸೆಮಿ ಆಟೋಮ್ಯಾಟಿಕ್ ಕೋವಿ. ಒಂದು ಗುಂಡು ಹಾರಿದ ಕೂಡಲೇ ಮುಂದಿನ ತೋಟೆಯನ್ನು ಮೇಲೆತ್ತಿ ಕೊಡುವುದು ಆ ತಗಡಿನ ಕೆಲಸ. ಅದನ್ನು ಹಿಡಿದಿದ್ದ ಪಿನ್ನು ಸವೆದಿತ್ತು. ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗದು. ಬೇರೆಯವರಾಗಿದ್ದರೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದರು. ಯಥಾರ್ಥವಾದಿ ಲೋಕವಿರೋಧಿ ಅನ್ನುತ್ತಾರಲ್ಲ, ಅಂಕಲ್ ಸೀದಾ ಹೋಗಿ ಧಣಿ ರೂಬನ್‌ಗೆ ಹೇಳಿದರು. ತಮಗಿಂತ ಚಿಕ್ಕವನೆಂದು ಅಂಕಲ್ ಅವನನ್ನು ಬಾಬಾ ಎನ್ನುತ್ತಾರೆ, ಎದುರಿಗೆ ನಾನು ಸರ್ ಎನ್ನುತ್ತೇನೆ. ಇಲ್ಲಿ ಹಾಗೆ ಬರೆಯಲು ಕೈ ಬರುವುದಿಲ್ಲ.

“ಬಾಬಾ, ಎರಡನೇ ತೋಟೆ ಮೇಲೆ ಬರುದಿಲ್ಲ. ರಿಪೇರಿಗೆ ಕೊಡ್ಬೇಕು.”

“ಇಲ್ಲಿ ಮೊದಲನೇದೇ ಹೊಡೀಲಿಕ್ಕಿಲ್ಲ, ಎರಡನೇದು ಎಂತಕ್ಕೆ ಅಂಕಲ್? ಸುಮ್ಮನೆ ಹಿಡ್ಕೊಂಡು ನಿಲ್ಲಿ ಮಾರಾಯ್ರೆ.”

“ನಾಳೆ ಯಾರಾದ್ರೂ ಒಳಗೆ ನುಗ್ಗಿದ್ರೆ ಈ ಮಕ್ಕಳ ಅಪ್ಪ ಅಮ್ಮನಿಗೆ ನಾನು ಎಂತ ಹೇಳೂದು?”

ಈ ಮಕ್ಕಳೆಂದರೆ ಸರದ ಕೌಂಟರಿನ ನಾನು ಮತ್ತು ಬಳೆ ಕೌಂಟರಿನ ಶರೊನ್. ನಮ್ಮ ಬಗ್ಗೆ ಆ ಅಂಗಡಿಯಲ್ಲಿ ಅಷ್ಟು ಯೋಚಿಸಿದವರು ಅವರೊಬ್ಬರೇ.

ಕೋವಿ ರಿಪೇರಿಯ ಲೈಸೆನ್ಸ್ ಇದ್ದವರು ಪೇಟೆಯ ನೂರ್ ಮುಹಮ್ಮದ್. ಪಿನ್ನು ಹೊರಗಿನಿಂದ ತರಿಸಬೇಕು, ತಡವಾಗುತ್ತದೆ ಎಂದರಂತೆ. “ಅಷ್ಟರವರೆಗೆ ಸರಿಗೆ ಸುತ್ತಿ ಕೊಡ್ತೇನೆ ಪೊರ್ಬುಗಳೇ, ಅಲ್ಲಾಡುದಿಲ್ಲ” ಎಂದೂ ಹೇಳಿದರಂತೆ. ಪೊರ್ಬುಗಳು ಎಂದರೆ ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವುದು. ಅಂಕಲ್ ಒಪ್ಪಲಿಲ್ಲ. ಕೋವಿಯನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಬಂದರು.

ಬರಿಗೈಯವನಿಗೆ ಬಾಗಿಲಲ್ಲಿ ಎಂತ ಕೆಲಸ? ಅವರನ್ನು ಮನೆಗೆ ಕಳಿಸಿ ರೂಬನ್ ಆ ಜಾಗದಲ್ಲಿ ಒಬ್ಬನನ್ನು ನಿಲ್ಲಿಸಿದ. ಅವನ ಕೈಯಲ್ಲಿದ್ದದ್ದು ಹಕ್ಕಿ ಹೊಡೆಯುವ ಏರ್‌ಗನ್. ಅದಕ್ಕೆ ಲೈಸೆನ್ಸೂ ಬೇಡ, ಅಂಥ ಸಂಬಳವೂ ಬೇಡ. ಗಿರಾಕಿಗಳು ಎಂದಿನಂತೆ ಬಂದರು. ಒಬ್ಬರು ತಮ್ಮ ಮಗುವನ್ನು ಅವನ ಪಕ್ಕ ನಿಲ್ಲಿಸಿ ಫೋಟೊ ಕೂಡ ತೆಗೆದರು. ಅದನ್ನು ನೋಡಿ ರೂಬನ್ ನಕ್ಕ ನಗೆ ನನಗೆ ಅಂದೇ ಹಿಡಿಸಲಿಲ್ಲ.

ಕೋವಿ ಸರಿಯಾದ ಮೇಲೆ ಅಂಕಲ್ ಇಸ್ತ್ರಿ ಹಾಕಿದ ಯೂನಿಫಾರ್ಮಿನಲ್ಲಿ ಬಂದರು. ಅವರನ್ನು ಕೂರಿಸಿ ರೂಬನ್ ಜ್ಯೂಸ್ ತರಿಸಿದ.

“ಗನ್‌ಮ್ಯಾನ್ ಇನ್ನು ಬೇಡ ಅಂಕಲ್. ಪಾರ್ಕಿಂಗಿಗೆ ಒಬ್ಬರು ಬೇಕು. ನಮ್ಮ ಇಗರ್ಜಿಯವರು ನೀವು, ನಿಮ್ಮನ್ನು ಬಿಡ್ಲಿಕ್ಕೆ ಉಂಟಾ?”

ಮುಖಕ್ಕೆ ಹೊಡೆದ ಹಾಗೆ ಬೇಡ ಎಂದು ಎದ್ದು ಹೋಗುತ್ತಾರೆ ಎಂದು ಕಾದೆ. ಅವರು ಜ್ಯೂಸ್ ಕುಡಿದು, ಗ್ಲಾಸನ್ನು ಮೆಲ್ಲ ಕೆಳಗಿಟ್ಟು, “ಆಯ್ತು ಬಾಬಾ” ಎಂದರು. ಗಂಡ ಮನೆಯಲ್ಲಿ ಸುಮ್ಮನೆ ಕೂತರೆ ಬರ್ನಡೆಟ್ ಆಂಟಿ ಒಳಗೊಳಗೇ ಕೊರಗುತ್ತಾರಂತೆ. ನನಗೆ ರೂಬನ್ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆ “ಆಯ್ತು” ಮೇಲೆ ಬಂತು.

ಮೊನ್ನೆ ಏರ್‌ಗನ್‌ನವನು ಚಹಾಕ್ಕೆ ಹೊರಟವನು ಅದನ್ನು ಅಂಕಲ್ ಕೈಗೆ ಕೊಟ್ಟ. “ಸ್ವಲ್ಪ ಹಿಡ್ಕೊಳ್ಳಿ, ಈಗ ಬರ್ತೇನೆ.”

ರೂಬನ್ ಗಾಜಿನ ಬಾಗಿಲು ಅರ್ಧ ತೆರೆದು ನೋಡಿದ. “ಈಗ ಹೇಳಿ ಅಂಕಲ್, ಎಂತ ವ್ಯತ್ಯಾಸ ಉಂಟು?”

ಅಂಕಲ್ ಆ ಆಟದ ಕೋವಿಯ ಬಾಯಿಯನ್ನು ಯಾರ ಕಡೆಗೂ ತಿರುಗದ ಹಾಗೆ ನೆಲಕ್ಕೆ ಮಾಡಿ ಹಿಡಿದು, ಅವನು ಚಹಾ ಕುಡಿದು ಬರುವವರೆಗೆ ನಮ್ಮ ಬಾಗಿಲು ಕಾದರು.